ಹುಣಸಿಬೀಜದ ಲೆಕ್ಕ

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದರೆ ನಮ್ಮ ಮನೆಗೆ ವರ್ಷದ ಹುಣಸಿಹಣ್ಣು ಬರುತ್ತದೆ. ಅಂಗಳದಲ್ಲಿ ಚಾಪೆ ಹಾಸಿ ಎರಡು ದಿನ ಒಣಗಿಸಿ, ಸಂಜೆಯ ಹೊತ್ತು ನಾನೂ ಸೊಸೆಯೂ ಕೂತು ಬೀಜ ತೆಗೆಯುತ್ತೇವೆ. ಹೋದ ವರ್ಷ ಬುಟ್ಟಿ ತುಂಬ ಬೀಜ ಆದವು. ಸೊಸೆ ಅದನ್ನೆತ್ತಿಕೊಂಡು ಕಸಕ್ಕೆ ಹಾಕಲು ಹೊರಟಳು.

"ಬ್ಯಾಡವ್ವಾ, ಅಲ್ಲೇ ಇಡು" ಎಂದೆ.

"ಇಷ್ಟೆಲ್ಲಾ ಏನ್ ಮಾಡ್ತೀರಿ ಅತ್ತಿ?"

"ಸಾಲಿಗೆ ಬೇಕು."

ಅವಳಿಗೆ ನಗು ಬಂತು. ಬರದೆ ಏನು? ನನ್ನ ಮೊಮ್ಮಗ ಹೋಗುವ ಶಾಲೆಯಲ್ಲಿ ಹೆಸರು ಹಚ್ಚಿದ ದಿನವೇ ಒಂದು ದೊಡ್ಡ ಪೆಟ್ಟಿಗೆ ಕೊಟ್ಟಿದ್ದರು. ಅದರೊಳಗೆ ಪ್ಲಾಸ್ಟಿಕ್ಕಿನ ಅಂಕಿ, ಅಕ್ಷರ, ಮಣಿ, ಅಚ್ಚು ಹಾಕಿದ ಹಾಳೆಗಳು. ಅದಕ್ಕೆ ಬೇರೆಯೇ ದುಡ್ಡು ಕಟ್ಟಿದ್ದೆವು. ಅಷ್ಟೆಲ್ಲ ಇರುವ ಕಾಲದಲ್ಲಿ ಅತ್ತಿ ಹುಣಸಿಬೀಜ ಕಟ್ಟಿಡುವುದು ಅವಳಿಗೆ ಜಿಪುಣತನವೆಂದೇ ಕಂಡಿರಬೇಕು. ಒಲೆಯ ಮೇಲೆ ಅನ್ನವಿತ್ತು, ಆಗ ಉತ್ತರ ಹೇಳಲು ಆಗಲಿಲ್ಲ. ಈಗ ಹೇಳುತ್ತೇನೆ. ಈ ಬೀಜಕ್ಕೂ ಒಂದು ಚರಿತ್ರೆ ಇದೆ. ಅದು ನನ್ನ ಚಿಗವ್ವನಿಂದ ಶುರುವಾಗಿ ಗುಜರಾತಿನ ಭಾವನಗರದ ಮೇಲೆ ಹಾದು ರೋಮ್ ಪಟ್ಟಣದ ತನಕ ಹೋಗುತ್ತದೆ.

ನಮ್ಮ ಅವ್ವನ ತಂಗಿ, ನನ್ನ ಚಿಗವ್ವ, ಹಳೇಹುಬ್ಬಳ್ಳಿಯ ಒಂದು ಗುಡಿಯ ಪೌಳಿಯಲ್ಲಿ ಬಾಲವಾಡಿ ನಡೆಸುತ್ತಿದ್ದಳು. 1973-74ರ ಸುಮಾರಿಗೆ ನಾನೂ ಅಲ್ಲಿಯೇ ಕೂತು ಬಂದವಳು. ಮನೆಯಲ್ಲಿ ಚಿಗವ್ವ, ಪೌಳಿಯ ಮೆಟ್ಟಿಲು ಹತ್ತಿದೊಡನೆ 'ಅಕ್ಕೋರ' ಎನ್ನಬೇಕು. ಮರೆತು 'ಚಿಗವ್ವಾ' ಎಂದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಅವಳ ಹೆಗಲಿಗೆ ಒಂದು ಅರಿವೆಯ ಚೀಲ ಸದಾ ಇರುತ್ತಿತ್ತು. ಬಾಲವಾಡಿಯ ಸಾಮಾನೆಲ್ಲ ಆ ಚೀಲದಲ್ಲಿಯೇ, ಏಕೆಂದರೆ ಪೌಳಿಯಲ್ಲಿ ಒಂದು ಕಪಾಟೂ ಇರಲಿಲ್ಲ.

ಕೂಡಲು ಹಾಸುತ್ತಿದ್ದುದು ನಮ್ಮ ಆಯಿ ಹೊಲಿದ ಹಳೆಯ ಕೌದಿ. ಸವೆದ ಸೀರೆ, ಅಂಗಿ, ಕುಬಸದ ತುಣುಕುಗಳನ್ನು ಕೂಡಿಸಿ ಹೊಲಿದ ಆ ಕೌದಿಯೇ ನಮಗೆ ಬಣ್ಣದ ಪಾಠ. "ಕೆಂಪು ತುಣಕಿನ ಮ್ಯಾಲ ಯಾರ ಕೂಡ್ತೀರಿ? ಹಸರಿನ ಮ್ಯಾಲ ಯಾರು?" ಎಂದು ಚಿಗವ್ವ ಕೇಳಿದರೆ ನಾವು ಮೂವತ್ತು ಮಕ್ಕಳು ಓಡಾಡಿ ಜಾಗ ಹಿಡಿಯುತ್ತಿದ್ದೆವು. ನಾಳೆ ಅದೇ ಆಟ, ಆದರೆ ಉದ್ದ ತುಣುಕು, ಗಿಡ್ಡ ತುಣುಕು. ಮರುದಿನ ಚುಕ್ಕಿಯದು, ಗೆರೆಯದು. ಒಂದು ಕೌದಿಯಿಂದ ಒಂದು ತಿಂಗಳ ಪಾಠ.

ಇನ್ನು ಹುಣಸಿಬೀಜ. ಒಂದು ಮಗ್ಗಲನ್ನು ಕಲ್ಲಿಗೆ ತಿಕ್ಕಿದರೆ ಒಳಗಿನ ಬಿಳುಪು ಕಾಣುತ್ತದೆ; ಇನ್ನೊಂದು ಮಗ್ಗಲು ಕಂದು. ಚೌಕಾಬಾರಾ ಆಡಿದವರಿಗೆ ಇದು ಗೊತ್ತಿರುವುದೇ. ಅಂಥ ಐದು ಬೀಜ ಕೈಯಲ್ಲಿ ಕುಲುಕಿ ಚೆಲ್ಲುವುದು. ಎರಡು ಬಿಳಿ, ಮೂರು ಕಂದು ಬಿದ್ದವು. ಮತ್ತೆ ಚೆಲ್ಲಿದರೆ ನಾಲ್ಕು ಬಿಳಿ, ಒಂದು ಕಂದು. ಹೇಗೆ ಬಿದ್ದರೂ ಕೂಡಿಸಿದರೆ ಐದೇ. ಈ ಬೆರಗು ಒಮ್ಮೆ ಮಗುವಿನ ಕಣ್ಣಿಗೆ ಹತ್ತಿತೆಂದರೆ ಮುಂದೆ ಒಂದನೆಯ ಇಯತ್ತೆಯಲ್ಲಿ ಕೂಡಿಸುವ ಲೆಕ್ಕಕ್ಕೆ ಅದು ಅಳುವುದಿಲ್ಲ. ನಾನೇ ಸಾಕ್ಷಿ.

ಖಾಲಿ ಕಡ್ಡಿಪೆಟ್ಟಿಗೆಗಳು ಹನ್ನೆರಡು. ಎರಡರಲ್ಲಿ ಸಾಸಿವೆ, ಎರಡರಲ್ಲಿ ಜೋಳ, ಎರಡರಲ್ಲಿ ಕಡಲೆ, ಎರಡರಲ್ಲಿ ಉಸುಕು, ಎರಡರಲ್ಲಿ ಸಣ್ಣ ಹರಳು, ಇನ್ನೆರಡು ಖಾಲಿ. ಎಲ್ಲಕ್ಕೂ ಹಾಳೆ ಅಂಟಿಸಿ ಮುಚ್ಚಿಬಿಟ್ಟಿದ್ದಳು. ಕಿವಿಯ ಹತ್ತಿರ ಕುಲುಕಿ ಜೋಡಿ ಹುಡುಕಬೇಕು. ಜವಳಿಸಾಲಿನ ಕಡೆಯ ದರ್ಜಿಗಳಿಂದ ಬೇಡಿ ತಂದ ತುಣುಕುಗಳನ್ನು ಕಣ್ಣು ಮುಚ್ಚಿ ಮುಟ್ಟಿ, ಖಾದಿಗೆ ಖಾದಿ, ಮಖಮಲ್ಲಿಗೆ ಮಖಮಲ್ಲು, ಇಳಕಲ್ ಸೆರಗಿಗೆ ಇಳಕಲ್ ಸೆರಗು ಹಚ್ಚಬೇಕು. ಲಗ್ನಪತ್ರಿಕೆಯ ದಪ್ಪ ಹಾಳೆಯ ಹಿಂದೆ ಅಂಟಿನಿಂದ ಅಕ್ಷರ ಬರೆದು, ಮೇಲೆ ಉಸುಕು ಉದುರಿಸಿ ಒಣಗಿಸಿದ್ದಳು. ಅದರ ಮೇಲೆ ಬೆರಳಾಡಿಸಿ ನಾನು 'ಅ' ಕಲಿತೆ.

ಒಂದು ದಿನ ಎಡವಟ್ಟಾಯಿತು. ಒಬ್ಬ ಹುಡುಗ ಹುಣಸಿಬೀಜವನ್ನು ಮೂಗಿನಲ್ಲಿ ಸೇರಿಸಿಕೊಂಡುಬಿಟ್ಟ. ಚಿಗವ್ವ ಅವನನ್ನು ಎತ್ತಿಕೊಂಡು ದವಾಖಾನೆಗೆ ಓಡಿದಳು. ಬೀಜ ಬಂತು, ಜೀವ ಉಳಿಯಿತು. ಆದರೆ ಅವಳು ಆ ರಾತ್ರಿ ಊಟ ಮಾಡಲಿಲ್ಲ. ಮರುದಿನದಿಂದ ಮೂರು ವರ್ಷದವರ ಕೈಗೆ ಬೀಜ ಇಲ್ಲ. ಅವರಿಗೆ ಸೀಸೆಯ ದೊಡ್ಡ ಮುಚ್ಚಳ, ತೆಂಗಿನ ಚಿಪ್ಪು, ಅರಿವೆಯ ಚೆಂಡು. ದೊಡ್ಡವರಿಗೂ ಎಣಿಸಿ ಕೊಡುವುದು, ಎಣಿಸಿ ಹಿಂದೆ ತೆಗೆದುಕೊಳ್ಳುವುದು. "ಪುಕ್ಕಟೆ ಸಾಮಾನಿಗೆ ಕಣ್ಣಿನ ಕಾವಲು ಜಾಸ್ತಿ ಬೇಕು" ಎಂದು ಅವಳು ಅವ್ವನ ಮುಂದೆ ಹೇಳಿದ್ದು ನನಗೆ ನೆನಪಿದೆ. ಅದರ ಅರ್ಥ ಪೂರ್ತಿ ತಿಳಿಯಲು ನನಗೆ ನಲವತ್ತು ವರ್ಷ ಬೇಕಾದವು.

ಧಾರವಾಡವೆಂದರೆ ವಿದ್ಯೆಯ ಊರು ಎಂದು ನಾವು ಹೆಮ್ಮೆ ಪಡುತ್ತೇವೆ. ಅದು ಸುಳ್ಳಲ್ಲ. ಮರಾಠಿ ಶಾಲೆಗಳೇ ತುಂಬಿದ್ದ ಈ ಭಾಗದಲ್ಲಿ ಕನ್ನಡ ಶಾಲೆಗಳನ್ನು ತೆರೆಸಲು ದುಡಿದ ಡೆಪ್ಯುಟಿ ಚೆನ್ನಬಸಪ್ಪನವರು (1834-1881) ಇಲ್ಲಿಯವರು. ಮಾಸ್ತರರನ್ನು ತಯಾರು ಮಾಡುವ ಟ್ರೇನಿಂಗ್ ಕಾಲೇಜು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇಲ್ಲಿತ್ತು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಶಿಕ್ಷಕರಿಗಾಗಿಯೇ 'ಜೀವನ ಶಿಕ್ಷಣ' ಎಂಬ ಮಾಸಪತ್ರಿಕೆ ಧಾರವಾಡದಿಂದ ಹೊರಟಿತು. ಆದರೆ ಇದೆಲ್ಲವೂ ಹೆಚ್ಚಾಗಿ ಆರು ವರ್ಷ ದಾಟಿದ ಮಕ್ಕಳ ಸಲುವಾಗಿ. ಅದಕ್ಕೂ ಸಣ್ಣವರಿಗೆ ಇದ್ದದ್ದು 'ಬಿನ್ನೆತ್ತಿ'. ಇಯತ್ತೆ ಇಲ್ಲದ್ದು, ಲೆಕ್ಕಕ್ಕೆ ಬಾರದ್ದು ಎಂದೇ ಅದರ ಅರ್ಥ. ಅಕ್ಕನ ಜೊತೆ ಬಂದ ತಮ್ಮ, ಮನೆಯಲ್ಲಿ ಕಾಟ ಕೊಡುವ ಮಗ, ಇಂಥವರನ್ನೆಲ್ಲ ಒಂದು ಮೂಲೆಯಲ್ಲಿ ಕೂಡಿಸಿ ಪಾಟಿಯ ಮೇಲೆ 'ಅ' ತಿದ್ದಿಸುತ್ತಿದ್ದರು. ತಿದ್ದದಿದ್ದರೆ ಪೆಟ್ಟು.

ಹಾಗಾದರೆ ನಮ್ಮ ಸಣ್ಣ ಮಕ್ಕಳು ಕಲಿಯುತ್ತಲೇ ಇರಲಿಲ್ಲವೆ? ಕಲಿಯುತ್ತಿದ್ದರು, ಅಂಗಳದಲ್ಲಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ಕಲಸಿ ಎತ್ತು ಮಾಡುವಾಗ ಕೋಡು ಎರಡು, ಕಾಲು ನಾಲ್ಕು ಎಂದು ಎಣಿಸುತ್ತಿದ್ದರು. ನೀರು ಹೆಚ್ಚಾದರೆ ಕಾಲು ಮುರಿಯುತ್ತದೆ, ಕಡಿಮೆಯಾದರೆ ಬಿರಿಯುತ್ತದೆ ಎಂದು ಕೈಗೇ ತಿಳಿಯುತ್ತಿತ್ತು. ಜೋಳದ ದಂಟಿನ ಬೆಂಡು ಸುಲಿದು ಚಕ್ಕಡಿ, ಚಾಳೀಸು ಮಾಡುತ್ತಿದ್ದರು. ಪಂಚಮಿಯ ಜೋಕಾಲಿ, ಜೋಕುಮಾರನ ಬುಟ್ಟಿ, ಗೌರಿಹುಣ್ಣಿಮೆಯ ಸಕ್ಕರೆ ಗೊಂಬೆ, ಗಜ್ಜುಗದಾಟ, ಕುಂಟಾಟ. ಆದರೆ ಇದನ್ನು ಯಾರೂ ಶಿಕ್ಷಣ ಎನ್ನುತ್ತಿರಲಿಲ್ಲ. ಹೆಂಗಸರು ಮಕ್ಕಳನ್ನು ಆಡಿಸುವುದು ಎನ್ನುತ್ತಿದ್ದರು. ಹೆಂಗಸರು ಮಾಡುವ ಕೆಲಸಕ್ಕೆ ಹೆಸರೂ ಇಲ್ಲ, ಬೆಲೆಯೂ ಇಲ್ಲ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿರಿ, ಮುಂದೆ ಮತ್ತೆ ಬರುತ್ತದೆ.

ಆಡುವುದೇ ಕಲಿಯುವುದು ಎಂದು ದೊಡ್ಡ ದನಿಯಲ್ಲಿ ಹೇಳಿದವರು ಜರ್ಮನಿಯ ಫ್ರೋಬೆಲ್. 1837ರಲ್ಲಿ ಸಣ್ಣ ಮಕ್ಕಳ ಶಾಲೆ ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟರು. ಆಮೇಲೆ ಇಟಲಿಯ ಮಾರಿಯಾ ಮಾಂಟೆಸರಿ. ಆಕೆ ವೈದ್ಯೆ. 1907ರ ಜನವರಿ 6ರಂದು ರೋಮ್ ಪಟ್ಟಣದ ಸಾನ್ ಲೊರೆಂಜೋ ಎಂಬ ಕೂಲಿಕಾರರ ಕೇರಿಯಲ್ಲಿ ಆಕೆಯ ಮೊದಲ 'ಮಕ್ಕಳ ಮನೆ' ತೆರೆಯಿತು. ತಾಯಿ ತಂದೆ ಕೆಲಸಕ್ಕೆ ಹೋದ ಮೇಲೆ ಓಣಿಯಲ್ಲಿ ಬಿದ್ದಿರುತ್ತಿದ್ದ ಮಕ್ಕಳೇ ಅಲ್ಲಿಯ ವಿದ್ಯಾರ್ಥಿಗಳು. ಮುಟ್ಟಿ ಕಲಿಯುವ ಮರಳುಕಾಗದದ ಅಕ್ಷರ, ಕುಲುಕಿ ಜೋಡಿ ಹುಡುಕುವ ಡಬ್ಬಿ, ಗುಂಡಿ ಹಾಕಿ ತೆಗೆಯುವ ಚೌಕಟ್ಟು ಎಲ್ಲ ಆಕೆಯ ಸಾಧನಗಳು. ಬಡವರ ಕೇರಿಯಲ್ಲಿ ಹುಟ್ಟಿದರೂ ನಯವಾಗಿ ಕಡೆದ ಆ ಕಟ್ಟಿಗೆಯ ಸಾಮಾನು ಮುಂದೆ ದುಬಾರಿಯಾಯಿತು. ಬಹಳ ಕಡೆ ಸಿರಿವಂತರ ಮಕ್ಕಳ ಪಾಲಾಯಿತು.

ಅದನ್ನು ನಮ್ಮ ಮಣ್ಣಿಗೆ ಇಳಿಸಿದವರಲ್ಲಿ ಮೊದಲಿಗರು ಗುಜರಾತಿನ ಗಿಜುಭಾಯಿ ಬಧೇಕಾ. ವಕೀಲರಾಗಿದ್ದವರು, ಮಗನನ್ನು ಹೇಗೆ ಬೆಳೆಸಲಿ ಎಂದು ಚಿಂತಿಸುತ್ತ ಮಾಂಟೆಸರಿಯ ಬರಹ ಓದಿ ವಕೀಲಿಯನ್ನೇ ಬಿಟ್ಟರು. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಕಥೆ, ಹಾಡು, ನಾಟಕ, ಮಣ್ಣು, ಎಲೆ ಅವರ ಸಾಧನಗಳು. 'ಮೀಸೆಯ ತಾಯಿ' ಎಂದು ಜನ ಅವರನ್ನು ಪ್ರೀತಿಯಿಂದ ಕರೆದರು. 1939ರಲ್ಲಿ ಅವರು ತೀರಿಕೊಂಡರು. ಅದೇ ವರ್ಷದ ಕೊನೆಗೆ ಮಾಂಟೆಸರಿ ಸ್ವತಃ ಮದ್ರಾಸಿನ ಅಡಯಾರಿಗೆ ಬಂದಿಳಿದರು. ಯುದ್ಧದ ಕಾರಣ ಹಲವು ವರ್ಷ ಭಾರತದಲ್ಲಿಯೇ ಉಳಿದು ಎಷ್ಟೋ ಜನ ಶಿಕ್ಷಕಿಯರನ್ನು ತಯಾರು ಮಾಡಿದರು.

ಗಿಜುಭಾಯಿಯವರ ಜೊತೆ ದುಡಿದವರು ತಾರಾಬಾಯಿ ಮೋಡಕ್. ನನ್ನ ಮನಸ್ಸು ಹೆಚ್ಚು ನಿಲ್ಲುವುದು ಈ ಹೆಣ್ಣುಮಗಳ ಹತ್ತಿರ. 1892ರಲ್ಲಿ ಹುಟ್ಟಿದ ತಾರಾಬಾಯಿ 1945ರಲ್ಲಿ, ವಯಸ್ಸು ಐವತ್ತು ದಾಟಿದ ಮೇಲೆ, ಪಟ್ಟಣ ಬಿಟ್ಟು ಠಾಣೆ ಜಿಲ್ಲೆಯ ಬೋರ್ಡಿ ಎಂಬ ಕಡಲತೀರದ ಊರಿಗೆ ಹೋದರು. ಜೊತೆಗೆ ಬಂದವರು ಅನುತಾಯಿ ವಾಘ್. ಹದಿಮೂರನೆಯ ವಯಸ್ಸಿಗೆ ಮದುವೆಯಾಗಿ ಕೆಲವೇ ತಿಂಗಳಲ್ಲಿ ವಿಧವೆಯಾಗಿ, ಆಮೇಲೆ ಓದಿ ಶಿಕ್ಷಕಿಯಾದ ಹೆಣ್ಣುಮಗಳು. ಬೋರ್ಡಿಯಲ್ಲಿ ಬಾಲವಾಡಿ ತೆರೆದರೆ ಕೇರಿಯ ದಲಿತ ಮಕ್ಕಳು ಬರಲಿಲ್ಲ. ಕರೆದರೂ ಬರಲಿಲ್ಲ. ಆಗ ಈ ಇಬ್ಬರು ಏನು ಮಾಡಿದರು? ಮಕ್ಕಳು ಬಾರದಿದ್ದರೆ ಶಾಲೆಯೇ ಹೋಗಲಿ ಎಂದು ಕೇರಿಯ ಅಂಗಳಕ್ಕೇ ಬಾಲವಾಡಿಯನ್ನು ಒಯ್ದರು. ಅಂಗಳದ ಬಾಲವಾಡಿ. ಇಂದು ನಾವು ದಿನಕ್ಕೆ ಹತ್ತು ಸಲ ಅನ್ನುವ 'ಅಂಗನವಾಡಿ' ಎಂಬ ಶಬ್ದದ ಬೇರು ಅಲ್ಲಿದೆ. 1957ರಲ್ಲಿ ಕೋಸಬಾಡದ ಗುಡ್ಡಕ್ಕೆ ಹೋಗಿ ವಾರ್ಲಿ ಆದಿವಾಸಿಗಳ ನಡುವೆ ಕೆಲಸ ಮುಂದುವರಿಸಿದರು. ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಿನಲ್ಲಿಯೇ ಪಾಠ. ಮಾಂಟೆಸರಿಯ ಕಟ್ಟಿಗೆಯ ಸಾಮಾನಿನ ಜಾಗದಲ್ಲಿ ಬೀಜ, ಎಲೆ, ಚಿಪ್ಪು, ಬಿದಿರು, ಮಣ್ಣು.

ಬೋರ್ಡಿಯ ಕೆಲಸ ಶುರುವಾದ ಕಾಲದಲ್ಲಿ ನಮ್ಮ ಧಾರವಾಡ ಜಿಲ್ಲೆಯೂ ಮುಂಬಯಿ ಪ್ರಾಂತದಲ್ಲಿಯೇ ಇತ್ತು. 1956ರ ನವೆಂಬರ್ 1ರವರೆಗೂ ನಮಗೆ ರಾಜಧಾನಿ ಮುಂಬಯಿ. ಮರಾಠಿ ಓದಲು ಬರುವ ಹೆಣ್ಣುಮಕ್ಕಳು ಹುಬ್ಬಳ್ಳಿಯಲ್ಲಿ ಮನೆಮನೆಗೆ ಇದ್ದರು. ಚಿಗವ್ವನೂ ಅಂಥವಳೇ. ಬೆಳಗಾವಿಯಲ್ಲಿ ನಡೆದ ಒಂದು ಶಿಬಿರಕ್ಕೆ ಹೋಗಿ ಬರೆದುಕೊಂಡು ಬಂದ ಅವಳ ವಹಿ ಈಗ ನನ್ನ ಹತ್ತಿರ ಇದೆ. ಅರ್ಧ ಮರಾಠಿ, ಅರ್ಧ ಕನ್ನಡ. ಅದರಲ್ಲಿ ಒಂದು ಕಡೆ 'ತಾರಾಬಾಯಿ' ಎಂಬ ಹೆಸರಿದೆ, ಕೆಳಗೆ ಕಡ್ಡಿಪೆಟ್ಟಿಗೆಯ ಚಿತ್ರ. ರೋಮಿನ ಡಬ್ಬಿ ಹಳೇಹುಬ್ಬಳ್ಳಿಯ ಕಡ್ಡಿಪೆಟ್ಟಿಗೆಯಾದದ್ದು ಹೀಗೆ.

1953ರಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಸ್ಥಾಪನೆಯಾದ ಮೇಲೆ ಮಹಿಳಾ ಮಂಡಳಗಳು ನಡೆಸುವ ಬಾಲವಾಡಿಗಳಿಗೆ ಸಣ್ಣಪುಟ್ಟ ಅನುದಾನ ಸಿಗತೊಡಗಿತು. ಆಮೇಲೆ 1975ರ ಅಕ್ಟೋಬರ್ 2ರಂದು ಇಡೀ ದೇಶದಲ್ಲಿ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಆರಿಸಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ತಾರಾಬಾಯಿಯವರು 1973ರಲ್ಲಿಯೇ ತೀರಿಕೊಂಡಿದ್ದರು. ಅವರ ಅಂಗಳದ ಶಾಲೆ ದೇಶದ ಯೋಜನೆಯಾದದ್ದನ್ನು ಅವರು ನೋಡಲಿಲ್ಲ. ಇಂದು ನಮ್ಮ ರಾಜ್ಯವೊಂದರಲ್ಲಿಯೇ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ.

ಈಗ ನನ್ನ ತಪ್ಪನ್ನೂ ಹೇಳಬೇಕು. ನಾನು ಬಿ.ಎ. ಮುಗಿಸಿ ಧಾರವಾಡದಲ್ಲಿ ಬಿ.ಎಡ್. ಮಾಡಿದೆ. ಫ್ರೋಬೆಲ್, ಮಾಂಟೆಸರಿ ನಮಗೆ ಐದು ಅಂಕದ ಟಿಪ್ಪಣಿಗಳು. ಬಾಯಿಪಾಠ ಮಾಡಿ ಬರೆದು ಅಂಕ ಪಡೆದೆನೇ ಹೊರತು, ಇದು ನಮ್ಮ ಚಿಗವ್ವನ ಚೀಲ ಎಂದು ಹೊಳೆಯಲಿಲ್ಲ. ಕೆಲಸ ಸಿಕ್ಕ ಮೇಲೆ ಬಾಲವರ್ಗವನ್ನು ನನಗೆ ಹಚ್ಚಿಕೊಟ್ಟರು. ಬಿ.ಎಡ್. ಆದವಳಿಗೆ ಬಾಲವರ್ಗವೆ ಎಂದು ನನಗೆ ಸಿಟ್ಟು. ಶಾಲೆಯ ಹೆಸರು ಇಲ್ಲಿ ಬೇಡ. ಅಲ್ಲಿಗೆ ಒಂದು ಸಲ ಒಳ್ಳೆಯ ಆಟಿಕೆಗಳ ಪೆಟ್ಟಿಗೆ ಬಂತು. ಮುರಿದರೆ ಜವಾಬ್ದಾರಿ ಯಾರದು ಎಂದು ಕೀಲಿ ಹಾಕಿ ಕಪಾಟಿನಲ್ಲಿಟ್ಟೆವು. ಸಾಹೇಬರು ತಪಾಸಣೆಗೆ ಬಂದ ದಿನ ತೆಗೆದು ಸಾಲಾಗಿ ಜೋಡಿಸುವುದು, ಅವರ ಗಾಡಿ ಹೋದ ಮೇಲೆ ಒರೆಸಿ ಒಳಗಿಡುವುದು. ಮಕ್ಕಳು ಗಾಜಿನ ಬಾಗಿಲಿಗೆ ಮೂಗು ಒತ್ತಿ ನೋಡುತ್ತಿದ್ದರು.

ಒಮ್ಮೆ ಚಿಗವ್ವ ನನ್ನ ಊಟದ ಡಬ್ಬಿ ಕೊಡಲು ಶಾಲೆಗೆ ಬಂದವಳು ಆ ಕಪಾಟು ನೋಡಿದಳು. ಬೈಯಲಿಲ್ಲ. "ಬಾಳ ಛಲೋ ಅದಾವಲ್ಲವ್ವಾ" ಎಂದಳು. ಆಮೇಲೆ, "ಮುರೀದ ಆಟಿಗಿ ಅಂದ್ರ ಯಾರೂ ಆಡಲಾರದ ಆಟಿಗಿ ನೋಡು" ಎಂದು ಹೋದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುಂದಿನ ವಾರ ನಾನೇ ಕೀಲಿ ತೆಗೆದೆ. ವರ್ಷದೊಳಗೆ ಅರ್ಧ ಮುರಿದವು. ಮುರಿದ ಜಾಗವನ್ನು ತುಂಬಲು ಹುಣಸಿಬೀಜ, ಕಡ್ಡಿಪೆಟ್ಟಿಗೆ, ಹಳೆಯ ಕುಬಸದ ಹುಕ್ಕು ಬಂದವು. ಹುಕ್ಕು ಹಾಕಿ ತೆಗೆದು ಬೆರಳು ಪಳಗಿದ ಮಕ್ಕಳು ಬಳಪವನ್ನೂ ಗಟ್ಟಿಯಾಗಿ ಹಿಡಿದರು.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಮುಂದೆ ನಮ್ಮ ಕಡೆಗೂ ಬಂದು ಒಂದನೆಯ ತರಗತಿಯಲ್ಲಿ ಆಟಕ್ಕೆ ಜಾಗ ಕೊಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರು ವರ್ಷದಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಬುನಾದಿ ಹಂತ ಎಂದಿತು. 2023ರ ಫೆಬ್ರುವರಿಯಲ್ಲಿ ದಿಲ್ಲಿಯಿಂದ 'ಜಾದೂಯಿ ಪಿಟಾರಾ' ಎಂಬ ಪೆಟ್ಟಿಗೆ ಹೊರಟಿತು. ಅದರಲ್ಲಿ ಗೊಂಬೆ, ಒಗಟು, ಚಿತ್ರ, ಕಥೆಪುಸ್ತಕ. ಲೆಕ್ಕಕ್ಕೇ ಇಲ್ಲದಿದ್ದ ಬಿನ್ನೆತ್ತಿ ಈಗ ದೇಶದ ನೀತಿಯ ಮೊದಲನೆಯ ಪುಟಕ್ಕೆ ಬಂತು. ಸಂತೋಷದ ಮಾತು.

ಆದರೆ ಇಂಥದೇ ಒಂದು ತರಬೇತಿಯಲ್ಲಿ ನನಗೆ ಪಾಠ ಹೇಳಲು ಕರೆದಿದ್ದರು. ವಿಷಯ, ಕಡಿಮೆ ವೆಚ್ಚದ ಕಲಿಕೋಪಕರಣಗಳು. ನಾನು ಬೀಜ, ಪೆಟ್ಟಿಗೆ, ಲಗ್ನಪತ್ರಿಕೆ ಎಲ್ಲ ಹರಡಿ ಹುರುಪಿನಿಂದ ಹೇಳಿದೆ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಂಗನವಾಡಿ ಶಿಕ್ಷಕಿ ಎದ್ದು ನಿಂತಳು. ಸಣ್ಣ ವಯಸ್ಸು, ಮಡಿಲಲ್ಲಿ ಕೂಸು.

"ಅಕ್ಕೋರ, ಒಂದ ಕೇಳ್ಲಿ? ಕಡಿಮಿ ವೆಚ್ಚ ಅಂದ್ರ ಯಾರ ವೆಚ್ಚರೀ?"

ಕೆಲವರು ನಕ್ಕರು. ಅವಳು ನಗಲಿಲ್ಲ. ಬಣ್ಣದ ಹಾಳೆ, ಅಂಟು, ಸೂಜಿ ದಾರ ತನ್ನ ಕೈಯಿಂದ. ರಾತ್ರಿ ಕೂತು ಕತ್ತರಿಸಿ ಅಂಟಿಸುವುದು ತನ್ನ ನಿದ್ದೆಯಿಂದ. ಹಗಲು ತೂಕ ನೋಡುವುದು, ಆಹಾರ ಹಂಚುವುದು, ಮನೆಮನೆ ಸುತ್ತಿ ಲೆಕ್ಕ ಬರೆಯುವುದು ಬೇರೆ ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಕೂತ ಮೇಲೂ ನನಗೆ ಚಿಗವ್ವನ ಮುಖವೇ ಕಂಡಿತು.

ಚಿಗವ್ವ ಮೂವತ್ತು ವರ್ಷ ಆ ಚೀಲ ಹೊತ್ತಳು. ಮೊದಲಿಗೆ ಅವಳಿಗೆ ತಿಂಗಳಿಗೆ ಅರವತ್ತು ರೂಪಾಯಿ, ಅದೂ ಮೂರು ತಿಂಗಳಿಗೊಮ್ಮೆ. ಸಂಬಳ ಎನ್ನುತ್ತಿರಲಿಲ್ಲ, ಗೌರವಧನ ಎನ್ನುತ್ತಿದ್ದರು. 1975ರಲ್ಲಿ ಅಂಗನವಾಡಿ ಶುರುವಾದಾಗಲೂ ಮೆಟ್ರಿಕ್ ಆದವಳಿಗೆ ತಿಂಗಳಿಗೆ 150, ಆಗದವಳಿಗೆ 100 ರೂಪಾಯಿ ಗೌರವಧನ. ಗೌರವ ಎಷ್ಟು, ಧನ ಎಷ್ಟು, ನೀವೇ ಲೆಕ್ಕ ಹಾಕಿರಿ. ಕೆಲಸ ಬಿಟ್ಟ ದಿನ ಅವಳಿಗೆ ಶಾಲು ಹೊದಿಸಿ, ಕಾಯಿ ಕೊಟ್ಟು, 'ತಾಯಿಯಂಥವರು' ಎಂದು ಭಾಷಣ ಮಾಡಿದರು. ಪೆನ್ಶನ್ ಇಲ್ಲ, ಗ್ರ್ಯಾಚುಯಿಟಿ ಇಲ್ಲ. ಕೊನೆಯ ವರ್ಷಗಳಲ್ಲಿ ಕಣ್ಣಿನ ಆಪರೇಶನ್ನಿಗೆ ಅವಳು ತನ್ನ ಬೋರಮಾಳ ಮಾರಿದಳು. ನಮಗೆ ಹೇಳಿದ್ದು ಮಾರಿದ ಮೇಲೆ. 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟು ಅಂಗನವಾಡಿ ಶಿಕ್ಷಕಿಯರೂ ಸಹಾಯಕಿಯರೂ ಗ್ರ್ಯಾಚುಯಿಟಿಗೆ ಅರ್ಹರು ಎಂದು ತೀರ್ಪು ಕೊಟ್ಟಿತು. ಆ ದಾವೆ ಬಂದದ್ದು ಗಿಜುಭಾಯಿಯವರ ಗುಜರಾತಿನಿಂದಲೇ. ಪತ್ರಿಕೆಯಲ್ಲಿ ಅದನ್ನು ಓದುವಾಗ ಚಿಗವ್ವ ತೀರಿಕೊಂಡು ಬಹಳ ವರ್ಷಗಳಾಗಿದ್ದವು.

ಹುಣಸಿಬೀಜ ಪುಕ್ಕಟೆ, ನಿಜ. ಆದರೆ ಆ ಬೀಜದ ಪಾಠ ಪುಕ್ಕಟೆಯಲ್ಲ. ತಿಕ್ಕುವ ಕೈ, ಎಣಿಸುವ ಕಣ್ಣು, ಮೂಗಿಗೆ ಹೋಗದ ಹಾಗೆ ಕಾಯುವ ಜೀವ ಇವುಗಳಿಗೆ ಬೆಲೆ ಇದೆ. ತಾರಾಬಾಯಿ, ಅನುತಾಯಿ ದುಬಾರಿ ಸಾಮಾನು ಬಿಟ್ಟದ್ದು ಬಡವರ ಮಕ್ಕಳಿಗೂ ಅದೇ ಕಲಿಕೆ ಸಿಗಲಿ ಎಂದು. ಕಲಿಸುವವಳನ್ನು ಅಗ್ಗವಾಗಿ ದುಡಿಸಿಕೊಳ್ಳಲಿ ಎಂದಲ್ಲ. ಸಾಮಾನು ಅಗ್ಗವಾಗಲಿ, ಅಕ್ಕೋರು ಅಗ್ಗವಾಗುವುದು ಬೇಡ.

ಆ ತರಬೇತಿಯ ಮರುವಾರ ನಾನು ನಮ್ಮ ಓಣಿಯ ಅಂಗನವಾಡಿಗೆ ಹೋದೆ. ಬೀಜದ ಗಂಟಿನ ಜೊತೆಗೆ ಅಂಟು, ಕತ್ತರಿ, ಬಣ್ಣದ ಹಾಳೆಯನ್ನೂ ಕೊಂಡೊಯ್ದೆ. ಓಣಿಯ ನಾಲ್ಕು ಮಂದಿ ಹೆಣ್ಣುಮಕ್ಕಳು ತಿಂಗಳಿಗೆ ಎರಡು ಸಂಜೆ ಅಲ್ಲಿಯೇ ಕೂತು ಕತ್ತರಿಸಿ ಅಂಟಿಸಿ ಕೊಡುತ್ತೇವೆ ಎಂದು ಮಾತು ಕೊಟ್ಟೆವು, ಇಲ್ಲಿಯವರೆಗೆ ತಪ್ಪಿಸಿಲ್ಲ. ಸಂಬಳದ ಪ್ರಶ್ನೆ ಇದರಿಂದ ಬಗೆಹರಿಯಲಿಲ್ಲ, ನನಗೆ ಗೊತ್ತು. ಆದರೆ ಅವಳ ನಿದ್ದೆಯ ಒಂದಿಷ್ಟು ಪಾಲು ಅವಳಿಗೆ ತಿರುಗಿ ಸಿಕ್ಕಿದೆ. ಅವರ ಸಂಘದವರು ಧರಣಿ ಕೂತಾಗ, "ಮಕ್ಕಳನ್ನ ಬಿಟ್ಟು ಹೋಗ್ಯಾರ" ಎಂದು ಓಣಿಯವರು ಮೂಗು ಮುರಿದರೆ, ಈ ಲೆಕ್ಕವನ್ನು ನಾನು ಎಣಿಸಿ ತೋರಿಸುತ್ತೇನೆ.

ಈ ವರ್ಷವೂ ಹುಣಸಿಹಣ್ಣು ಬಂತು. ಬೀಜ ಬಿಡಿಸುವಾಗ ಮೊಮ್ಮಗ ಪ್ಲಾಸ್ಟಿಕ್ ಪೆಟ್ಟಿಗೆ ಬಿಟ್ಟು ಬಂದು ನಮ್ಮ ನಡುವೆ ಕೂತ. ಸೊಸೆ ಐದು ಬೀಜ ಆರಿಸಿ, ಕಟ್ಟೆಯ ಕಲ್ಲಿಗೆ ತಿಕ್ಕಿ ಅವನ ಕೈಗೆ ಕೊಟ್ಟಳು. ಅವನು ಚೆಲ್ಲಿದ. ಎರಡು ಬಿಳಿ, ಮೂರು ಕಂದು.

"ಎಷ್ಟಾತು?" ಎಂದಳು ಸೊಸೆ.

ಅವನು ಎಣಿಸುತ್ತಿದ್ದ. ಅವಳು ಅವನ ಕೈಯನ್ನೂ ಬಾಯನ್ನೂ ನೋಡುತ್ತ ಕೂತಿದ್ದಳು. ಬೀಜ ಐದೂ ಹಿಂದೆ ಬಂದ ಮೇಲೆಯೇ ಅವಳು ಒಳಗೆ ಎದ್ದು ಹೋದದ್ದು.